ಅರ್ಧಾಣೆಯ ಡೇರೆ

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ಅರ್ಧ ಮಾಡಿದ ದಿನವೇ ನನಗೆ ನನ್ನ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕೊಯ್ದ ತುಂಡನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಒಂಬತ್ತು ಗ್ರಾಂ ಭಾರ ಉಳಿಯಿತೆಂದು ಹಿಗ್ಗಿ, ಅದನ್ನು ಹೆಂಡತಿಗೆ ತೋರಿಸಲು ಹೋದೆ. ಸುಶೀಲ ಚಪಾತಿ ಹಿಟ್ಟು ನಾದುತ್ತಿದ್ದಳು. ನನ್ನನ್ನು ಒಮ್ಮೆ, ತುಂಡನ್ನು ಒಮ್ಮೆ ನೋಡಿ, "ರೀ, ಆ ಹೊಟ್ಟೆ ಒಂದಿಂಚು ಇಳಿಸ್ಕೊಳ್ಳಿ, ಬ್ರಷ್ಷನ್ನ ಪೂರ್ತಿಯಾಗೇ ತಗೊಂಡು ಹೋಗಬಹುದು" ಎಂದು ಮತ್ತೆ ಹಿಟ್ಟಿನ ಕಡೆ ತಿರುಗಿದಳು.

ಅರವತ್ತಕ್ಕೆ ನಿವೃತ್ತರಾದವರಿಗೆ ಏನಾದರೊಂದು ಹುಚ್ಚು ಹತ್ತುವುದು ಸಹಜ. ನನ್ನ ಜೊತೆ ನಿವೃತ್ತರಾದ ಒಬ್ಬರು ವಾಸ್ತು ಹೇಳುತ್ತಾ ಕಂಡಕಂಡವರ ಮನೆಯ ಬಾಗಿಲು ಕೀಳಿಸುತ್ತಿದ್ದಾರೆ. ಇನ್ನೊಬ್ಬರು ಬೆಳಗಿನ ಜಾವ ಎದ್ದು ಪರಿಚಯದವರಿಗೆಲ್ಲ ಹೂವಿನ ಚಿತ್ರದ ಶುಭೋದಯ ಕಳಿಸುತ್ತಾರೆ. ಅವರಿಗೆ ಹೋಲಿಸಿದರೆ ನನ್ನದು ನಿರುಪದ್ರವಿ ಹುಚ್ಚು. ನನಗೆ ಬೇಕಾಗಿದ್ದುದು ಒಂದು ಡೇರೆ. ಬೆನ್ನ ಮೇಲೆ ಹೊತ್ತು ಎಂಟು ದಿನ ನಡೆಯಬಹುದಾದ, ಹಗುರವಾದ ಒಂದು ಡೇರೆ.

ನಡಿಗೆಯ ವಿಚಾರ ಇಷ್ಟೆ. ನಮ್ಮ ಹುಣಸೂರಿನ ಮಗ್ಗುಲಲ್ಲೇ ಹರಿಯುವ ಲಕ್ಷ್ಮಣತೀರ್ಥ ಕೊಡಗಿನಲ್ಲಿ ಹುಟ್ಟಿ, ಕಾಡಿನ ಅಂಚು ದಾಟಿ, ಹನಗೋಡಿನ ಹತ್ತಿರ ಬಯಲಿಗೆ ಬಂದು, ಊರು ಕೇರಿ ಗದ್ದೆ ಎಲ್ಲ ಸುತ್ತಿ ಕೊನೆಗೆ ಕೃಷ್ಣರಾಜನಗರದ ಕಡೆ ಕಾವೇರಿಯ ಹಿನ್ನೀರಿಗೆ ಸೇರುತ್ತದೆ. ಕಾಡಿನೊಳಗೆ ನಡೆಯಲು ಬಿಡುವುದಿಲ್ಲ, ಬಿಡಲೂಬಾರದು. ಹನಗೋಡಿನಿಂದ ಹಿನ್ನೀರಿನವರೆಗೆ ಹೊಳೆಯ ದಡದಲ್ಲೇ ನಡೆದುಬಿಡಬೇಕು ಎಂಬುದು ನನ್ನ ಬಹುಕಾಲದ ಆಸೆ. ಇದಕ್ಕೆ ಬಸ್ಸಿದೆಯಲ್ಲ ಎಂದು ಸುಶೀಲ ಕೇಳಿದ್ದುಂಟು. ಬಸ್ಸು ಹೊಳೆಯ ದಡದಲ್ಲಿ ಹೋಗುವುದಿಲ್ಲ ಎಂದು ನಾನು ಗಂಭೀರವಾಗಿ ಉತ್ತರ ಕೊಟ್ಟಿದ್ದೆ.

ಡೇರೆ ಆರಿಸುವ ವಿದ್ಯೆಯನ್ನು ಮೊಬೈಲಿನಲ್ಲಿ ಕಲಿತೆ. ಪರದೇಶದ ಯಾವುದೋ ಬೆಟ್ಟಸಾಲಿನಲ್ಲಿ ಆರಾರು ತಿಂಗಳು ಒಬ್ಬಳೇ ನಡೆಯುವ ಹುಡುಗಿಯೊಬ್ಬಳು ನನ್ನ ಗುರು. ಬ್ರಷ್ಷಿನ ಹಿಡಿ ಕೊಯ್ಯುವ ಉಪದೇಶ ಅವಳದೇ. ಒಂದು ಪದರದ ಡೇರೆ ಹಗುರ, ಆದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ನಮ್ಮದೇ ಉಸಿರು ಬೆವೆತು ತೊಟ್ಟಿಕ್ಕುತ್ತದೆ. ಎರಡು ಪದರದ್ದು ಒಣಗಿರುತ್ತದೆ, ಆದರೆ ಭಾರ. ಕೋಲು ಇಲ್ಲದೆ, ಊರುಗೋಲನ್ನೇ ಕಂಬ ಮಾಡಿಕೊಂಡು ನಿಲ್ಲುವ ಡೇರೆಯೂ ಇದೆಯಂತೆ. ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ಬರೆದುಕೊಂಡೆ. ಮಗಳಿಗೆ ಗಂಡು ನೋಡಿದಾಗ ಎರಡೇ ಮಾತಿನಲ್ಲಿ ಒಪ್ಪಿಕೊಂಡವನು ಡೇರೆಯ ಜಾತಕವನ್ನು ಮೂರು ತಿಂಗಳು ನೋಡಿದೆ. ಆದರೂ ತೀರ್ಮಾನವಾಗಲಿಲ್ಲ. ಏಕೆಂದರೆ ಎಲ್ಲ ಅಂಗಡಿಯವರೂ ಮೊಟ್ಟಮೊದಲು ಕೇಳುವ ಪ್ರಶ್ನೆಗೇ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬರ ಡೇರೆಯೋ, ಇಬ್ಬರ ಡೇರೆಯೋ? ಒಬ್ಬರದು ಒಂದು ಕೆಜಿ ಚಿಲ್ಲರೆ. ಇಬ್ಬರದು ಎರಡೂವರೆ.

ಈ ಪ್ರಶ್ನೆಯ ಹಿಂದೆ ಇದ್ದವನು ಬೋರಣ್ಣ. ಅವನನ್ನು ನಿಮಗೆ ಪರಿಚಯ ಮಾಡಿಕೊಡದೆ ಮುಂದೆ ಹೋಗುವಂತಿಲ್ಲ.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕು ಬಿಟ್ಟು ಆಚೆ ನನ್ನ ಸರ್ವಿಸ್ಸು ಹೋಗಲೇ ಇಲ್ಲ. ಬೋರಣ್ಣ ನನ್ನ ಚೈನ್‌ಮ್ಯಾನ್. ಈಗ ಉಪಗ್ರಹ ನೋಡಿ ಅಳೆಯುವ ಯಂತ್ರ ಬಂದಿದೆ. ನಮ್ಮ ಕಾಲದಲ್ಲಿ ಇದ್ದದ್ದು ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಸರಪಳಿಗೆ ಎರಡು ತುದಿ. ಮುಂದಿನ ತುದಿ ಹಿಡಿದು ಬೋರಣ್ಣ ಹೋಗುತ್ತಿದ್ದ, ಹಿಂದಿನ ತುದಿ ಹಿಡಿದು ನಾನು. ಸರಪಳಿ ಬಿಗಿಯಾದ ಕೂಡಲೇ ಅವನು ಅಲ್ಲೊಂದು ಕೆಂಪು ಬಟ್ಟೆ ಕಟ್ಟಿದ ಕಬ್ಬಿಣದ ಕಡ್ಡಿ ಚುಚ್ಚಿ, "ಬನ್ನಿ ಸಾ!" ಎಂದು ಕೂಗುತ್ತಿದ್ದ. ನಾನು ಅಲ್ಲಿಗೆ ಹೋಗಿ ಆ ಕಡ್ಡಿ ಕಿತ್ತುಕೊಳ್ಳುವಷ್ಟರಲ್ಲಿ ಅವನು ಮತ್ತೆ ಮೂವತ್ತಮೂರು ಅಡಿ ಮುಂದೆ. ಅವನ ಹತ್ತಿರ ಇರುತ್ತಿದ್ದದ್ದು ಹತ್ತು ಕಡ್ಡಿ. ಹತ್ತೂ ನನ್ನ ಕೈಗೆ ಬಂದ ಮೇಲೆ ಎಣಿಸಿ ಅವನಿಗೆ ವಾಪಸು ಕೊಡಬೇಕು. ಒಂದು ಕಡಿಮೆಯಾದರೂ ಅಳತೆ ತಪ್ಪಿದೆ ಎಂದೇ ಅರ್ಥ. ಹೀಗೆ ಹೆಚ್ಚು ಕಡಿಮೆ ಮೂರು ದಶಕ ನಾನು ಬೋರಣ್ಣನ ಬೆನ್ನು ನೋಡಿಕೊಂಡು ನಡೆದಿದ್ದೇನೆ. ಹೆಂಡತಿಯ ಮುಖವನ್ನೂ ಅಷ್ಟು ಹೊತ್ತು ನೋಡಿರಲಾರೆ.

ಅವನು ನನಗಿಂತ ಆರು ವರ್ಷ ದೊಡ್ಡವನು. ಆದರೂ ಅವನು ನನಗೆ ನೀವು, ನಾನು ಅವನಿಗೆ ನೀನು. ಇಲಾಖೆ ಕಲಿಸಿದ ಕೆಟ್ಟ ಅಭ್ಯಾಸ. ನಿವೃತ್ತನಾದ ಮೇಲೆ ತಿದ್ದಿಕೊಳ್ಳೋಣವೆಂದು ಒಮ್ಮೆ ಫೋನಿನಲ್ಲಿ "ಬೋರಣ್ಣ, ನೀವು ಹೇಗಿದ್ದೀರಿ?" ಎಂದೆ. ಅವನು ಹೆದರಿ, "ಯಾಕ್ ಸಾ, ಏನಾರ ಮುನುಸ್ಕಂಡಿದ್ದೀರಾ?" ಎಂದ. ಆ ಸುಧಾರಣೆ ಅಲ್ಲಿಗೇ ನಿಂತಿತು.

ಡೇರೆಗೂ ನಮಗೂ ಹಳೆಯ ನಂಟು. ಜಮೀನಿನ ಗಡಿ ಜಗಳ ಅಳೆಯಲು ಹೋದ ಸರ್ವೆಯರನಿಗೆ ಬರೆದಿಡದ ಒಂದು ಕಟ್ಟುಪಾಡಿತ್ತು. ವಾದಿಯ ಜಗಲಿಯಲ್ಲಿ ಕೂರುವಂತಿಲ್ಲ, ಪ್ರತಿವಾದಿಯ ಮನೆಯ ನೀರು ಕುಡಿಯುವಂತಿಲ್ಲ. ಒಬ್ಬರ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದರೂ ಸಾಕು, ಬದು ಆ ಕಡೆಗೆ ಒಂದಡಿ ಸರಿದಿದೆ ಎಂದು ಇನ್ನೊಬ್ಬರು ಕೂಗೆಬ್ಬಿಸುತ್ತಿದ್ದರು. ಸಣ್ಣ ಊರುಗಳಲ್ಲಿ ಉಳಿದವರೆಲ್ಲ ಇಬ್ಬರಲ್ಲಿ ಒಬ್ಬರಿಗೆ ನೆಂಟರೇ ಆಗಿರುತ್ತಿದ್ದರು. ಹಾಗಾಗಿ ಕಚೇರಿಯ ಉಗ್ರಾಣದಲ್ಲಿ ಒಂದು ಹಳೇ ಕ್ಯಾನ್ವಾಸ್ ಡೇರೆ ಇತ್ತು. ನಾಲ್ಕೈದು ದಿನದ ಕೆಲಸವಿದ್ದರೆ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿ ಖರಾಬಿನಲ್ಲಿ ಹಾಕುತ್ತಿದ್ದೆವು. ಖರಾಬು ಎಂದರೆ ಸಾಗುವಳಿಗೆ ಬಾರದ, ಯಾರ ಹೆಸರಿಗೂ ಇಲ್ಲದ ತುಂಡು ನೆಲ. ಹಳ್ಳದ ಅಂಚು, ಬಂಡೆ, ಕಟ್ಟೆಯ ಏರಿ. ನಕಾಶೆ ಬಿಚ್ಚಿದರೆ ಬೇರೆಯವರ ಕಣ್ಣಿಗೆ ಹೊಲ ಗದ್ದೆ ಕಾಣುತ್ತದೆ. ನನಗೆ ಇವತ್ತಿಗೂ ಮೊದಲು ಕಾಣುವುದು ಖರಾಬು. ಅಲ್ಲಿ ಮಲಗಿದರೆ ಯಾರ ಹಂಗೂ ಇಲ್ಲ.

ಆ ಡೇರೆಯನ್ನು ನೆನೆಸಿಕೊಂಡರೆ ಈಗಲೂ ನನ್ನ ಹೆಗಲು ನೋಯುತ್ತದೆ. ಒಣಗಿದಾಗಲೇ ಇಬ್ಬರು ಎತ್ತಬೇಕು, ನೆನೆದರೆ ನಾಲ್ವರು. ಮಣ್ಣು, ಸೀಮೆಎಣ್ಣೆ, ಹಳೇ ಮಳೆ, ನಮಗಿಂತ ಹಿಂದಿನ ಸರ್ವೆಯರುಗಳ ಬೀಡಿ, ಎಲ್ಲವೂ ಸೇರಿದ ಒಂದು ವಾಸನೆ ಅದಕ್ಕಿತ್ತು. ಈಗಿನ ಡೇರೆಗಳಿಗೆ ವಾಸನೆಯೇ ಇಲ್ಲ. ಗ್ರಾಂ ಲೆಕ್ಕದಲ್ಲಿ ತೂಗುವ ಈ ಜನಕ್ಕೆ ಆ ವಾಸನೆಯನ್ನು ಹೇಗೆ ವಿವರಿಸಲಿ?

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆ ಅಳತೆಗೆ ಹೋಗಿದ್ದೆವು. ಕೇರಳದ ಮಳೆ ಗಡಿ ನೋಡಿಕೊಂಡು ಬರುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಡೇರೆಯಲ್ಲಿ ಕೂತಿದ್ದಾಗ ಹುಯ್ಯತೊಡಗಿತು. ಬೋರಣ್ಣ ಒಂದೇ ಮಾತು ಹೇಳಿದ: "ಒಳಗಿಂದ ಬಟ್ಟೆ ಮುಟ್ಬ್ಯಾಡಿ ಸಾ." ಏಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಬಿ.ಎಸ್‌ಸಿ. ಓದಿ ಬಂದವನು ನಾನು, ಕಾರಣವಿಲ್ಲದ ಮಾತು ನಂಬುವುದುಂಟೇ? ಅವನು ಆ ಕಡೆ ತಿರುಗಿದಾಗ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದೆ. ಮುಟ್ಟಿದ ಜಾಗದಿಂದಲೇ ಒಂದು ಹನಿ ಮೂಡಿತು. ಅದರ ಹಿಂದೆ ಇನ್ನೊಂದು. ನೆನೆದ ಕ್ಯಾನ್ವಾಸು ಮುಟ್ಟಿದಲ್ಲೇ ಸೋರುತ್ತದೆಂದು ನನಗೆ ಹೀಗೆ ಗೊತ್ತಾಯಿತು. ಸೋರಿದ್ದು ಸರಿಯಾಗಿ ಬೋರಣ್ಣನ ಹಾಸಿಗೆಯ ಮೇಲೆ. ಅವನು ಹನಿಯನ್ನು ನೋಡಿದ, ನನ್ನ ಒದ್ದೆ ಬೆರಳನ್ನು ನೋಡಿದ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದಕ್ಕೆ ತುರುಕಿ ಕೊಪ್ಪೆ ಮಾಡಿ, ತಲೆಗೆ ಹಾಕಿಕೊಂಡು, ಡೇರೆಯ ಒಳಗೇ ಮಳೆಗೆ ಸಿಕ್ಕವನ ಹಾಗೆ ಕೂತ. ನನಗೆ ಅಳು, ನಗು ಎರಡೂ ಬಂದವು. ಆವತ್ತಿನಿಂದ ಅವನು ಹೇಳಿದ ಮಾತನ್ನು ಪರೀಕ್ಷೆ ಮಾಡುವುದನ್ನು ಬಿಟ್ಟೆ.

ಲಕ್ಷ್ಮಣತೀರ್ಥದ ಆಸೆ ಮೊದಲು ಹುಟ್ಟಿದ್ದು ನನ್ನಲ್ಲಿ ಅಲ್ಲ, ಅವನಲ್ಲಿ. ಕಟ್ಟೆಮಳಲವಾಡಿಯ ಹತ್ತಿರ ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. "ಈ ಒಳೆ ಮಗ್ಗುಲ ಜಮೀನ ಚೂರ್ ಚೂರು ಅಳ್ದಿದ್ದೀವಿ ಸಾ," ಎಂದ ಬೋರಣ್ಣ. "ಅಲ್ಲೊಂದು ಗುಂಟೆ, ಇಲ್ಲೊಂದು ಎಕ್ರೆ. ಒಂದ್ಸಲನಾದ್ರೂವೆ ಉದ್ದುಕ್ಕೆ ನಡೀಲಿಲ್ಲ ನೋಡಿ. ರಿಟೇರ್ ಆದ್ಮೇಲೆ ಸರಪಳಿ ಇಲ್ದೆ ಕೈ ಬೀಸ್ಕಂಡು ನಡ್ಯವ." ನಾನು ಹೂಂ ಎಂದೆ. ಮುಂದೆ ಅವನು ನಿವೃತ್ತನಾದ. "ನೀವೂ ಬನ್ನಿ, ಕಾಯ್ತೀನಿ," ಎಂದ. ನನ್ನ ನಿವೃತ್ತಿಗೆ ಆರು ವರ್ಷ ಬಾಕಿ ಇತ್ತು. ಆ ಆರು ವರ್ಷದಲ್ಲಿ ಅವನ ಮಂಡಿ ಸವೆಯಿತು. ಒಂದು ಮಂಡಿಗೆ ಆಪರೇಷನ್ ಆಯಿತೆಂದು ಕೇಳಿದ್ದೆ, ನೋಡಿಕೊಂಡೂ ಬಂದಿದ್ದೆ. ನಡೆಯಲು ಆಗುತ್ತದೋ ಇಲ್ಲವೋ ಎಂದು ಮಾತ್ರ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಒಬ್ಬರ ಡೇರೆ ಕೊಂಡರೆ ಕೇಳದೆಯೇ ಉತ್ತರ ಹೇಳಿದಂತೆ. ಮೂರು ತಿಂಗಳು ನಾನು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದುಕೊಂಡು ಕೂತದ್ದು ಈ ಹೇಡಿತನದಿಂದ.

ಇಲ್ಲಿ ಸ್ವಲ್ಪ ಪಾಂಡಿತ್ಯ ಪ್ರದರ್ಶನಕ್ಕೆ ಅವಕಾಶ ಕೊಡಿ. ಸರ್ವೆಯರ್ ಯಾವುದನ್ನೂ ಅಡಿಯಲ್ಲಿ ಯೋಚಿಸುವುದಿಲ್ಲ. ಆ ಮೂವತ್ತಮೂರು ಅಡಿ ಸರಪಳಿಯ ಉದ್ದ, ಅಷ್ಟೇ ಅಗಲದ ಚೌಕ ಒಂದು ಗುಂಟೆ. ಗುಂಟೆಯ ಹದಿನಾರನೇ ಒಂದು ಪಾಲು ಆಣೆ. ಈ ಲೆಕ್ಕದಲ್ಲಿ ಒಬ್ಬರ ಡೇರೆ ಕೂರುವುದು ಕಾಲಾಣೆ ನೆಲದಲ್ಲಿ, ಇಬ್ಬರದು ಅರ್ಧಾಣೆಗೂ ಚೂರು ಕಡಿಮೆ ನೆಲದಲ್ಲಿ. ಅಣ್ಣತಮ್ಮಂದಿರು ಅರ್ಧಾಣೆ ನೆಲಕ್ಕಾಗಿ ಇಪ್ಪತ್ತು ವರ್ಷ ಮಾತು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಅರ್ಧಾಣೆಯಲ್ಲಿ ಇಬ್ಬರು ಕಾಲು ಚಾಚಿ ಮಲಗಬಹುದು ಎಂದು ಅವರಿಗೆ ಹೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಪಾಳ್ಯ ಎಂದು ಮುಗಿಯುವ ಊರುಗಳು ಎಷ್ಟಿಲ್ಲ? ಪಾಳ್ಯವೆಂದರೆ ದಂಡು ಬಂದು ಬೀಡುಬಿಟ್ಟ ಜಾಗ. ಒಂದು ಕಾಲಕ್ಕೆ ಬರೀ ಗುಡಾರ. ಬೆಳಿಗ್ಗೆ ಕಿತ್ತುಕೊಂಡು ಹೋಗೋಣವೆಂದು ಬಂದವರು ಕಿತ್ತುಕೊಂಡು ಹೋಗಲಿಲ್ಲ. ಈಗ ಅಲ್ಲಿ ಪಹಣಿ, ಪಂಚಾಯ್ತಿ, ಗಡಿ ಜಗಳ ಎಲ್ಲವೂ ಇದೆ. ಡೇರೆ ಭಾರವಾಗಿದ್ದರೆ ಹೀಗೆಲ್ಲ ಆಗುತ್ತದೆ ಎಂದು ನನ್ನ ಊಹೆ.

ಕೊನೆಗೆ ಡಿಸೆಂಬರಿನಲ್ಲಿ ಧೈರ್ಯ ಮಾಡಿ ಇಬ್ಬರ ಡೇರೆಯನ್ನೇ ತರಿಸಿದೆ. ತೋರಿಸುವ ನೆಪದಲ್ಲಿ ಬೋರಣ್ಣನ ಊರಿಗೆ ಹೋದೆ. ಅವನದು ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿನ ಹತ್ತಿರದ ಹಳ್ಳಿ. ಎರಡು ಎಕರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದಿನ ಕಣದಲ್ಲಿ ಡೇರೆ ಬಿಚ್ಚಿದೆವು. ಚೀಲದಿಂದ ಹೊರಬಂದದ್ದನ್ನು ನೋಡಿ ಅವನು ಮೂಗಿನ ಮೇಲೆ ಬೆರಳಿಟ್ಟ.

"ಇದೇನ್ ಸಾ, ಸೊಳ್ಳೆಪರ್ದೆ ತಂದ್ಬುಟ್ಟಿದ್ದೀರಲ್ಲ!"

"ಎರಡೂವರೆ ಕೆಜಿ ಅಷ್ಟೇ ಬೋರಣ್ಣ. ಮಳೆಗೂ ತಡೆಯುತ್ತೆ. ಒಳಗಿಂದ ಮುಟ್ಟಿದರೂ ಸೋರಲ್ಲ."

"ನೀವು ಮುಟ್ಟಿದ್ರೂವಾ?" ಎಂದು ಕೇಳಿ ಕಣ್ಣು ಮಿಟುಕಿಸಿದ. ಅಷ್ಟು ವರ್ಷ ಆ ಹನಿಯ ಮಾತು ಎತ್ತಿದವನಲ್ಲ.

ಗೂಟ ಹೊಡೆಯುವ ಕೆಲಸ ಅವನೇ ವಹಿಸಿಕೊಂಡ. ಗಡಿಯ ಬಾಂದುಕಲ್ಲು ನೆಟ್ಟು ಪಳಗಿದ ಕೈ. ಬೆರಳುದ್ದದ ಅಲ್ಯೂಮಿನಿಯಂ ಗೂಟಕ್ಕೆ ಹಾರೆಯ ಹಿಂಬದಿಯಿಂದ ಒಂದು ಪೆಟ್ಟು ಕೊಟ್ಟ. ಗೂಟ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಡೊಂಕಾಯಿತು. ಹೀಗೆ ಒಂದು ಗೂಟ ಕಡಿಮೆಯಾದರೂ ಡೇರೆ ಚೆನ್ನಾಗಿಯೇ ನಿಂತಿತು. ಬೋರಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೈ ಊರಿ, ತೆವಳಿಕೊಂಡು ಒಳಗೆ ಹೋದ. ನಾನೂ ಹೋದೆ. ಇಬ್ಬರೂ ಅಂಗಾತ ಮಲಗಿ ಹಸಿರು ಬಟ್ಟೆಯ ಮೂಲಕ ಬರುವ ಬಿಸಿಲನ್ನು ನೋಡಿದೆವು. "ಕ್ಯಾನ್ವಾಸಿನ ವಾಸ್ನೆ ಇಲ್ಲ ಕಣ್ ಸಾ," ಎಂದ ಬೋರಣ್ಣ. ನಡಿಗೆ ಶುರುವಾಗಿಯೇ ಬಿಟ್ಟಿತು ಅನ್ನಿಸಿತು.

ಆಮೇಲೆ ಹೊರಗೆ ಬರುವ ಪ್ರಸಂಗ. ಈಗಿನ ಡೇರೆಯ ಬಾಗಿಲು ಮೊಣಕಾಲೆತ್ತರ. ಬರಬೇಕಾದರೆ ಮಂಡಿಯೂರಿ ತೆವಳಬೇಕು, ತೆವಳಿದ ಮೇಲೆ ಮಂಡಿಯ ಬಲದಲ್ಲೇ ಎದ್ದು ನಿಲ್ಲಬೇಕು. ಬೋರಣ್ಣ ಅರ್ಧ ಬಂದು ನಿಂತ. ಮುಖ ಬೆವೆತಿತ್ತು. ನಾನು ಕೈ ಕೊಟ್ಟೆ, ಆಗಲಿಲ್ಲ. ಕೊನೆಗೆ ಅವನ ಹೆಂಡತಿ ಒಳಗಿಂದ ಕುರ್ಚಿ ತಂದಿಟ್ಟರು. ಅದನ್ನು ಹಿಡಿದುಕೊಂಡು, ನನ್ನ ಹೆಗಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದ. ಮೂವರೂ ನಕ್ಕೆವು. ನಗು ಬೇಗ ಮುಗಿಯಿತು. ಮಣ್ಣು ಕೊಡವಿಕೊಳ್ಳುತ್ತಾ ಬೋರಣ್ಣ ನನ್ನ ಮುಖ ನೋಡದೆ ಹೇಳಿದ:

"ಒಬ್ರುದ್ ತಗಳಿ ಸಾ. ಸುಮ್ಕೆ ಯಾಕೆ ಎರಡಾಳ್ ಬಾರ ಒತ್ಕತೀರಿ?"

ನಾನು ಡೇರೆ ಮಡಚಲು ಬಗ್ಗಿದೆ. ಅವನು ತಡೆದ. "ಬಿಸ್ಲಾಗ್ ಗರಿಗರಿ ಆಗದೆ. ಅಂಗೇ ಮಡುಚ್ಬುಟ್ರೆ ಮಡಿಕೇಲಿ ಸೀಳೋಯ್ತದೆ. ಇಬ್ಬನಿ ಬೀಳ್ಲಿ, ಹದ ಬರ್ಲಿ. ನಾನ್ ಮಡುಚಿ ಮಡುಗಿರ್ತೀನಿ, ನೀವ್ ಓಗಿ."

ಹೊಗೆಸೊಪ್ಪಿನವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಬ್ಯಾರನ್ನಿನಲ್ಲಿ ಬೆಂದ ಸೊಪ್ಪು ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ. ಹಾಗೆಯೇ ಮುಟ್ಟಿದರೆ ಪುಡಿ. ಬಾಗಿಲು ತೆರೆದಿಟ್ಟು, ತಂಪು ಹೊಕ್ಕು, ಎಲೆ ಮೆದುವಾಗಿ ಹದಕ್ಕೆ ಬಂದ ಮೇಲೆಯೇ ಇಳಿಸಿ ಕಟ್ಟುವುದು. ಬೋರಣ್ಣ ನನ್ನ ಡೇರೆಗೂ ಅದೇ ಉಪಚಾರ ಮಾಡಿದ. ರಾತ್ರಿಯೆಲ್ಲ ಇಬ್ಬನಿಯಲ್ಲಿ ಬಿಟ್ಟು, ಚೆನ್ನಾಗಿ ಹದ ಬರಿಸಿ, ಬೆಳಿಗ್ಗೆ ಸೊಪ್ಪಿನ ಹೊರೆ ಕಟ್ಟುವಷ್ಟು ಬಿಗಿಯಾಗಿ ಕಟ್ಟಿ, ಬ್ಯಾರನ್ನಿನ ಕತ್ತಲ ಮೂಲೆಯಲ್ಲಿಟ್ಟ. ಅವನು ಹೇಳಿದ್ದನ್ನು ಪರೀಕ್ಷೆ ಮಾಡುವುದಿಲ್ಲವೆಂಬ ನನ್ನ ಶಪಥ ನಿಮಗೆ ನೆನಪಿರಬಹುದು. ಇಪ್ಪತ್ತು ದಿನ ಕಳೆದು ಫೋನ್ ಬಂತು. "ಸಾ, ಒಸಿ ಬೂಷ್ಟು ಇಡ್ದದೆ," ಎಂದ. ಧ್ವನಿ ಸಣ್ಣದಾಗಿತ್ತು. ನಾನು ಪರವಾಗಿಲ್ಲ ಬಿಡು ಎಂದೆ. ಅವನು "ನಮ್ದೆಲ್ಲ ಸೊಪ್ಪಿನ್ ಬುದ್ಧಿ ಕಣ್ ಸಾ," ಎಂದು ಫೋನ್ ಇಟ್ಟ.

ಆ ಸಂಜೆ ನಾನು ಮೊಬೈಲಿನಲ್ಲಿ ಒಬ್ಬರ ಡೇರೆಯೊಂದನ್ನು ಆರಿಸಿ ಖರೀದಿಯ ಬುಟ್ಟಿಗೆ ಹಾಕಿದೆ. ಒಂದು ಕೆಜಿ ಚಿಲ್ಲರೆ. ಬೂದು ಬಣ್ಣ. ನನ್ನ ಗುರು ಹುಡುಗಿ ಹೊಗಳಿದ್ದ ಜಾತಿಯದೇ. ಕೊನೆಯ ಗುಂಡಿ ಒತ್ತಿದರೆ ಮೂರೇ ದಿನದಲ್ಲಿ ಮನೆಗೆ ಬರುತ್ತಿತ್ತು. ಒತ್ತಲಿಲ್ಲ. ಮಾರನೆಯ ದಿನವೂ ಒತ್ತಲಿಲ್ಲ. ಬುಟ್ಟಿಯಲ್ಲಿ ಏನೋ ಮರೆತಿದ್ದೀರಿ ಎಂದು ಮೊಬೈಲು ದಿನವೂ ನೆನಪಿಸುತ್ತಿತ್ತು. ಒಂದು ವಾರ ನೋಡಿದ ಸುಶೀಲ ಒಂದು ದಿನ ಕಾಫಿ ಕೊಡುತ್ತಾ, ಎಂದಿನ ಕೊಂಕಿಲ್ಲದೆ ಕೇಳಿದಳು. "ನಿಮಗೆ ಹೊಳೆ ಜೊತೆ ನಡೀಬೇಕೋ, ಬೋರಣ್ಣನ ಜೊತೆ ನಡೀಬೇಕೋ?"

"ಬೋರಣ್ಣನಿಗೆ ಆಗಲ್ಲ," ಎಂದೆ. ಗಟ್ಟಿಯಾಗಿ ಹಾಗೆ ಹೇಳಿದ್ದು ಅದೇ ಮೊದಲು. ಅವನು ನನಗಾಗಿ ಆರು ವರ್ಷ ಕಾದಿದ್ದ. ನಾನು ಅವನಿಗಾಗಿ ಎಂಟು ದಿನ ರಜೆ ಹಾಕಿದ್ದರೆ, ಮಂಡಿ ಗಟ್ಟಿಯಿದ್ದಾಗಲೇ ಇಬ್ಬರೂ ನಡೆದುಬಿಡಬಹುದಿತ್ತು. ಯಾವಾಗಲೂ ಒಂದಲ್ಲ ಒಂದು ಕಡತ ಬಾಕಿ ಇರುತ್ತಿತ್ತು. ಯಾವ ಕಡತವೆಂದು ಈಗ ಒಂದೂ ನೆನಪಿಲ್ಲ.

ಸಂಕ್ರಾಂತಿ ಕಳೆದು ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಮೊಪೆಡ್ಡಿನ ಸದ್ದಾಯಿತು. ಬೋರಣ್ಣ. ಹಿಂದೆ ಹಾಲಿನ ಕ್ಯಾನು ಕಟ್ಟುವ ಜಾಗದಲ್ಲಿ ನನ್ನ ಡೇರೆ. ಅಂಟುವಾಳದ ನೊರೆಯಲ್ಲಿ ಮೂರು ಸಲ ಅದ್ದಿ, ನೆರಳಿನಲ್ಲಿ ಒಣಗಿಸಿ, ಬೂಷ್ಟು ಬಿಡಿಸಿದ್ದ. ಮೂಲೆಯಲ್ಲಿ ಒಂದೆರಡು ಕಪ್ಪು ಚುಕ್ಕೆ ಉಳಿದಿದ್ದವು. ಮೂಸಿ ನೋಡಿದೆ. ಹೊಗೆಸೊಪ್ಪು, ಅಂಟುವಾಳ, ಸ್ವಲ್ಪ ಮಣ್ಣು. ಆ ಡೇರೆಗೂ ಒಂದು ವಾಸನೆ ಬಂದಿತ್ತು.

ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಅವನು ಮಾತು ತೆಗೆದ.

"ನಡ್ಯಕಾಯ್ತಿಲ್ಲ ಸಾ ನನ್ ಕೈಲಿ. ಮೊದ್ಲೇ ಯೋಳ್ಬೇಕಿತ್ತು, ನಾಚ್ಕೆ ಆಯ್ತು. ಆದ್ರೆ ಗಾಡಿ ಓಡುಸ್ತೀನಿ. ನೀವ್ ಒಳೆ ಮಗ್ಗುಲಲ್ಲಿ ಬನ್ನಿ, ನಾನ್ ರೋಡ್ ಮೇಲೆ ಬತ್ತೀನಿ. ಸಂಜಿಕ್ ಮುಂಚೇನೇ ಓಗಿ ಡೇರೆ ಆಕಿರ್ತೀನಿ."

"ಅಲ್ಲ ಬೋರಣ್ಣ, ನೀನು ಸುಮ್ಮನೆ ಯಾಕೆ..."

"ಏನ್ ಒಸ್ದಾ ಸಾ? ಯಾವತ್ತೂ ನಾನೇ ಅಲ್ವಾ ಮುಂದೆ ಓಯ್ತಿದ್ದುದ್ದು, ನೀವ್ ಇಂದಿಂದ ಬತ್ತಿದ್ದುದ್ದು?"

ಒಳಗೆ ಸುಶೀಲ ಪಾತ್ರೆಯ ಸದ್ದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಮೊಬೈಲ್ ತೆಗೆದು ಬುಟ್ಟಿಯಲ್ಲಿದ್ದ ಬೂದು ಬಣ್ಣದ ಡೇರೆಯನ್ನು ಅಳಿಸಿ ಹಾಕಿದೆ. ಮೂರು ತಿಂಗಳು ಗ್ರಾಂ ಗ್ರಾಂ ಎಂದು ತಕ್ಕಡಿ ಹಿಡಿದವನು, ಮೊಪೆಡ್ಡಿನ ಮೇಲೆ ಹೋಗುವ ಡೇರೆಗೆ ಗ್ರಾಂ ಲೆಕ್ಕ ಬೇಡವೆಂದು ಅರ್ಥ ಮಾಡಿಕೊಳ್ಳಲು ಬೋರಣ್ಣನೇ ಬರಬೇಕಾಯಿತು. ಸುಶೀಲ ಸಂಜೆ ಹೊಸ ಬ್ರಷ್ಷೊಂದು ತಂದು ಚೀಲದಲ್ಲಿಟ್ಟಳು, ಪೂರ್ತಿ ಹಿಡಿಯದು.

ಫೆಬ್ರವರಿಯ ಮೊದಲ ವಾರ ಹನಗೋಡಿನಿಂದ ಹೊರಟೆ. ಭತ್ತದ ಕೊಯ್ಲು ಮುಗಿದು ಗದ್ದೆಗಳಲ್ಲಿ ಕೂಳೆ ನಿಂತಿತ್ತು. ಹೊಳೆ ಸಣ್ಣಗೆ ಹರಿಯುತ್ತಿತ್ತು. ಬೆನ್ನ ಮೇಲೆ ನೀರು, ಒಂದು ಟವೆಲ್ಲು, ಸುಶೀಲ ಕಟ್ಟಿಕೊಟ್ಟ ರೊಟ್ಟಿ, ಇಷ್ಟೇ. ಅರ್ಧ ಗಂಟೆ ನಡೆದಿರಬಹುದು. ರಸ್ತೆ ಹೊಳೆಯ ಹತ್ತಿರಕ್ಕೆ ಬರುವ ಒಂದು ತಿರುವಿನಲ್ಲಿ, ಬದುವಿನ ಮೇಲೆ, ಕೆಂಪು ಬಟ್ಟೆ ಕಟ್ಟಿದ ಕಬ್ಬಿಣದ ಕಡ್ಡಿಯೊಂದು ನೆಟ್ಟಗೆ ನಿಂತಿತ್ತು.

ಇಲಾಖೆ ಸರಪಳಿಗಳನ್ನು ಗುಜರಿಗೆ ಹಾಕುವಾಗ ಸಾಹೇಬರನ್ನು ಕೇಳಿ ಬೋರಣ್ಣ ಹತ್ತು ಕಡ್ಡಿ ಇಸಿದುಕೊಂಡಿದ್ದ. ಟೊಮೆಟೊ ಗಿಡಕ್ಕೆ ಆಸರೆ ಕೊಡುತ್ತಿದ್ದಾನೆಂದು ತಿಳಿದಿದ್ದೆ. ನಾನು ಕಡ್ಡಿಯನ್ನು ಕಿತ್ತು ಮಣ್ಣು ಒರೆಸಿದೆ. ಕಣ್ಣು ಮಂಜಾಯಿತು, ಅದನ್ನೂ ಒರೆಸಿಕೊಂಡೆ. ಆಮೇಲೆ ರಸ್ತೆ ಹೊಳೆಯ ಹತ್ತಿರ ಬಂದ ಕಡೆಯೆಲ್ಲ ಒಂದೊಂದು ಕಡ್ಡಿ. ಒಂದರ ಪಕ್ಕದಲ್ಲಿ ಎಳನೀರು ಇಟ್ಟಿದ್ದ. ದಾರಿಯಲ್ಲಿ ಸಿಕ್ಕ ರೈತರೊಬ್ಬರು, "ಏನ್ ಸ್ವಾಮಿ, ಮತ್ತೆ ಸರ್ವೆ ಬಂತಾ?" ಎಂದು ಗಾಬರಿಯಿಂದ ಕೇಳಿದರು. ಇಲ್ಲ ಯಜಮಾನರೇ, ಸುಮ್ಮನೆ ನಡೀತಾ ಇದ್ದೀವಿ ಎಂದೆ. ಜೊತೆಯಲ್ಲಿ ಯಾರೂ ಕಾಣದೆ ಅವರು ನನ್ನ ಹಿಂದೆ ಮುಂದೆ ನೋಡಿದರು.

ಹೊತ್ತು ಇಳಿಯುವಾಗ, ಹಳ್ಳವೊಂದು ಹೊಳೆಗೆ ಸೇರುವ ಮೂಲೆಯಲ್ಲಿ ಹಸಿರು ಡೇರೆ ಕಂಡಿತು. ಖರಾಬು. ಅವನೂ ಮರೆತಿಲ್ಲ. ಡೇರೆಯನ್ನು ಎತ್ತರದ ಬದುವಿನ ತುದಿಗೆ ಹಾಕಿ, ಬಾಗಿಲನ್ನು ತಗ್ಗಿನ ಕಡೆಗೆ ತಿರುಗಿಸಿದ್ದ. ಹೊರಗೆ ಕಾಲು ಇಳಿಬಿಟ್ಟು, ಜಗಲಿಯ ಮೇಲೆ ಕೂತ ಹಾಗೆ ಕೂತಿದ್ದ. ಮಲಗಬೇಕಾದರೆ ಹಾಗೇ ಹಿಂದಕ್ಕೆ ಒರಗಿದರಾಯಿತು, ಏಳಬೇಕಾದರೆ ಕಾಲು ನೆಲಕ್ಕೆ ಊರಿದರಾಯಿತು. ಮಂಡಿಯ ಹಂಗೇ ಇಲ್ಲ. ಆರು ತಿಂಗಳು ನಡೆಯುವ ಆ ಹುಡುಗಿಗೂ ಇದು ಹೊಳೆದಿರಲಾರದು. ಮೊಪೆಡ್ಡು ಪಕ್ಕದಲ್ಲಿ ನಿಂತಿತ್ತು. ನನ್ನನ್ನು ಕಂಡ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

"ಬನ್ನಿ ಸಾ!"

ಹೋದೆ. ಕಡ್ಡಿಗಳನ್ನು ಅವನ ಕೈಗೆ ಕೊಟ್ಟೆ. ಹಳೇ ಅಭ್ಯಾಸದಂತೆ ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಒಂಬತ್ತೇ ಅವೆ."

ಎಲ್ಲೋ ಒಂದನ್ನು ನೋಡದೆ ದಾಟಿಬಿಟ್ಟೆನೆಂದು ಬಂದ ದಾರಿಯನ್ನೆಲ್ಲ ಮನಸ್ಸಿನಲ್ಲಿ ತಡಕಾಡಿದೆ. ಬೋರಣ್ಣ ನಗು ತಡೆದುಕೊಂಡು ಡೇರೆಯ ಆ ಬದಿಗೆ ಗದ್ದ ತೋರಿಸಿದ. ಡೊಂಕಾದ ಗೂಟದ ಜಾಗದಲ್ಲಿ ಹತ್ತನೆಯ ಕಡ್ಡಿ ನೆಟ್ಟಿತ್ತು. ಡೇರೆಯ ಹಗ್ಗವನ್ನು ಅದಕ್ಕೆ ಬಿಗಿದಿದ್ದ, ಕೆಂಪು ಬಟ್ಟೆ ಗಾಳಿಗೆ ಆಡುತ್ತಿತ್ತು. ಲೆಕ್ಕ ಪೂರ್ತಿ ಮಾಡೋಣವೆಂದು ನಾನು ಅದರ ಮೇಲೆ ಕೈಯಿಟ್ಟೆ.

"ಅದ ಕೀಳ್ಬ್ಯಾಡಿ ಸಾ, ಡೇರೆ ಬಿದ್ದೋಯ್ತದೆ," ಎಂದ ಬೋರಣ್ಣ, ಪಕ್ಕಕ್ಕೆ ಸರಿದು ಜಾಗ ಬಿಡುತ್ತಾ. "ಬೆಳಿಗ್ಗೆ ಕಿತ್ಕಳವ. ಈಗ ಕುಂತ್ಕಳಿ."